ಊದುವ ಪರೀಕ್ಷೆಯಲ್ಲಿ ನನ್ನ ತಂದೆಯವರನ್ನು ನಡೆಸಿಕೊಂಡ ರೀತಿಯ ಬಗ್ಗೆ ದೂರು

ಗೆ,
ವೈದ್ಯಕೀಯ ಅಧೀಕ್ಷಕರು,
ಶ್ವಾಸಕೋಶ ರೋಗಗಳ ವಿಶೇಷ ಆಸ್ಪತ್ರೆ,
ಬಾಗಲಕೋಟೆ.

ವಿಷಯ: ಪಿಎಫ್‌ಟಿ (ಶ್ವಾಸಕೋಶದ ಶಕ್ತಿ ಅಳೆಯಲು ಊದಿಸುವ) ಪರೀಕ್ಷೆಯಲ್ಲಾದ ಅವಮಾನ, ಮಾಡದ ಪರೀಕ್ಷೆಗೆ ಪಡೆದ ಹಣ ಮತ್ತು ಕೇಸ್ ಶೀಟಿನಲ್ಲಿ ಬರೆದ ಸುಳ್ಳು.

ಮಾನ್ಯರೇ,

ಈ ಪತ್ರಕ್ಕೆ ಮುನ್ನ ನಿಮ್ಮ ಆಸ್ಪತ್ರೆಗೆ ನಾಲ್ಕು ಸಲ ಫೋನ್ ಮಾಡಿದ್ದೇನೆ. ಮೂರು ಸಲ ‘ಸಂಬಂಧಪಟ್ಟವರು ರೌಂಡ್ಸ್‌ನಲ್ಲಿದ್ದಾರೆ’ ಎಂದರು. ನಿನ್ನೆ ‘ಬರದು ಕೊಡ್ರಿ, ನೋಡೋಣು’ ಎಂದು ಫೋನ್ ಇಟ್ಟರು. ಬರೆದಿದ್ದೇನೆ, ನೋಡಿರಿ.

ನನ್ನ ತಂದೆಯವರಿಗೆ 63 ವರ್ಷ. ಇಳಕಲ್ಲಿನ ಗ್ರಾನೈಟ್ ಪಾಲಿಶ್ ಘಟಕಗಳಲ್ಲಿ 26 ವರ್ಷ ಕಲ್ಲಿನ ಧೂಳು ಕುಡಿದವರು. ಕಳೆದ ಮಂಗಳವಾರ ಬೆಳಿಗ್ಗೆ 9 ಗಂಟೆಗೆ ಪರೀಕ್ಷೆಗೆ ಬರಬೇಕೆಂದೂ, ಹಿಂದಿನ ರಾತ್ರಿಯಿಂದ ಪಂಪು (ಇನ್‌ಹೇಲರ್) ಎಳೆಯಬಾರದೆಂದೂ ನಿಮ್ಮ ಚೀಟಿಯಲ್ಲಿತ್ತು. ಎಳೆಯಲಿಲ್ಲ. ಮೊದಲ ಬಸ್ಸು ಹುನಗುಂದ ದಾಟುವಷ್ಟರಲ್ಲಿ ಅವರು ಮುಂದಿನ ಸೀಟಿನ ಕಂಬಿ ಹಿಡಿದು ಬಗ್ಗಿ ಕುಳಿತಿದ್ದರು. ನಾವು 8.40ಕ್ಕೆ ನಿಮ್ಮ ಕೌಂಟರಿನಲ್ಲಿದ್ದೆವು. ಪರೀಕ್ಷೆಗೆ ಕರೆದದ್ದು ಮಧ್ಯಾಹ್ನ 1.50ಕ್ಕೆ. ಪಂಪು ಬಿಟ್ಟು ಬನ್ನಿ ಎಂದು ಬರೆದುಕೊಡುವ ಆಸ್ಪತ್ರೆಗೆ, ಪಂಪು ಬಿಟ್ಟವರನ್ನು ಎಷ್ಟು ಹೊತ್ತು ಬೆಂಚಿನ ಮೇಲೆ ಕೂಡಿಸಬಹುದೆಂಬುದೂ ತಿಳಿದಿರಲೇಬೇಕು.

ಒಳಗೆ ನಡೆದದ್ದನ್ನು ಇದ್ದಂತೆಯೇ ಬರೆಯುತ್ತೇನೆ. ತಂತ್ರಜ್ಞರು ನನ್ನ ತಮ್ಮನ ವಯಸ್ಸಿನವರು. ಒಂದು ಕಿವಿಯಲ್ಲಿ ಇಯರ್‌ಫೋನ್ ಇತ್ತು. ತಂದೆಯವರ ಪಟಕ ತೆಗೆಸಿ, ಮೂಗಿಗೆ ಕ್ಲಿಪ್ಪು ಹಾಕಿ, ‘ಊದು’ ಎಂದರು. ಮೊದಲು ಎದೆ ತುಂಬ ಉಸಿರೆಳೆದುಕೊಳ್ಳಬೇಕು, ಕೊಳವೆಯ ಸುತ್ತ ತುಟಿ ಬಿಗಿಯಬೇಕು, ಒಮ್ಮೆಲೇ ಜೋರಾಗಿ ಊದಿ ಉಸಿರು ಪೂರ್ತಿ ಖಾಲಿಯಾಗುವವರೆಗೆ ಬಿಡದೆ ಊದುತ್ತಿರಬೇಕು ಎಂಬ ಒಂದು ಮಾತನ್ನೂ ಹೇಳಲಿಲ್ಲ. ತಂದೆಯವರು ಊದಿದರು, ಕೆಮ್ಮಿದರು. ‘ಮತ್ತ ಊದು.’ ಮತ್ತೆ ಕೆಮ್ಮು. ‘ಏ ಮುದುಕಾ, ಯಾವತ್ತೂ ಪುಗ್ಗಾ ಊದಿಲ್ಲೇನ?’

‘ತಮ್ಮಾ, ಎದಿಯೊಳಗ ಉಸರ ಇದ್ದಿದ್ರ ಇಲ್ಲಿಗ್ಯಾಕ ಬರತಿದ್ನಿ?’ ಎಂದರು ನನ್ನ ತಂದೆ.

ಆಗ ಆ ಮಹಾಶಯರು ಪಕ್ಕದ ಕೋಣೆಯ ಸಹೋದ್ಯೋಗಿಯನ್ನು ಕೂಗಿ ಕರೆದರು: ‘ಬಾರಲೇ ಇಲ್ಲಿ, ಅಜ್ಜಗ ಭಾಷಣಾ ಮಾಡಾಕ ಉಸರೈತಿ, ಊದಾಕಷ್ಟ ಇಲ್ಲ.’ ಇಬ್ಬರೂ ನಕ್ಕರು. ಮೂಗಿನ ಮೇಲೆ ಕ್ಲಿಪ್ಪು ಇನ್ನೂ ಇದ್ದಂತೆಯೇ ನನ್ನ ತಂದೆಯವರೂ ಅವರೊಡನೆ ನಕ್ಕರು.

ಸರಿಯಾದ ಮೂರು ಊದುಗಳು ಬೇಕು, ಅವುಗಳಲ್ಲಿ ಉತ್ತಮವಾದ ಎರಡರ ನಡುವಿನ ಅಂತರ 150 ಮಿಲಿಲೀಟರ್ ಮೀರಬಾರದು, ನಂತರ ಉಸಿರುನಾಳ ಹಿಗ್ಗಿಸುವ ಔಷಧ ಸಾಲ್ಬುಟಮಾಲ್ ಕೊಟ್ಟು 15 ನಿಮಿಷ ಬಿಟ್ಟು ಮತ್ತೆ ಊದಿಸಬೇಕು ಎಂಬುದನ್ನು ವಿಶೇಷ ಆಸ್ಪತ್ರೆಗೆ ನಾನು ಕಲಿಸಬೇಕಾಗಿಲ್ಲ. ನಿಮ್ಮಲ್ಲಿ ಎರಡು ಸಲ ಊದಿಸಿ ‘ರೋಗಿ ಸಹಕರಿಸಲಿಲ್ಲ’ ಎಂದು ಷರಾ ಬರೆದರು. ವರದಿಯಲ್ಲಿ ‘ಔಷಧದ ನಂತರ’ ಎಂಬ ಕಾಲಮ್ಮು ಖಾಲಿಯಿದೆ. ಬಿಲ್ಲಿನಲ್ಲಿ ಮಾತ್ರ ‘ಮೊದಲು ಮತ್ತು ನಂತರ’ ಎಂದು 1,600 ರೂಪಾಯಿ ತುಂಬಿದೆ. ಬಿಲ್ಲಿನ ಯಂತ್ರ ಪೂರ್ತಿ ಸಹಕರಿಸಿದೆ.

ಇದಕ್ಕಿಂತ ದೊಡ್ಡ ತಪ್ಪು ಕೇಸ್ ಶೀಟಿನಲ್ಲಿದೆ. ‘ಧೂಮಪಾನ: ಹೌದು’ ಎಂದು ಬರೆದಿದ್ದೀರಿ. ತಂದೆಯವರು ಬೀಡಿ ಮುಟ್ಟಿದವರಲ್ಲ. ಉದ್ಯೋಗದ ಜಾಗದಲ್ಲಿ ಒಂದು ಗೆರೆ ಎಳೆದಿದ್ದೀರಿ, ಏಕೆಂದರೆ ಯಾರೂ ಕೇಳಲಿಲ್ಲ. ಕಲ್ಲಿನ ಧೂಳಿನಿಂದ ಶ್ವಾಸಕೋಶಕ್ಕೆ ಬರುವ ಸಿಲಿಕೋಸಿಸ್, 1948ರ ಕಾರ್ಖಾನೆಗಳ ಕಾಯ್ದೆಯ ಮೂರನೆಯ ಅನುಸೂಚಿಯಲ್ಲೇ ಹೆಸರಿಸಿದ್ದ ರೋಗ. ಅದಿದ್ದವರಿಗೆ ಕ್ಷಯ ತಗಲುವ ಸಂಭವವೂ ಹೆಚ್ಚು. ಅವರಿಗೆ ಅದಿದೆಯೋ ಇಲ್ಲವೋ ನಾನು ವೈದ್ಯನಲ್ಲ, ಹೇಳಲಾರೆ. ಆದರೆ ಇಳಕಲ್ಲಿನಿಂದ ಕೆಮ್ಮುತ್ತ ಬಂದವರಿಗೆ ‘ಏನು ಕೆಲಸ ಮಾಡ್ತಿದ್ರಿ?’ ಎಂದು ಕೇಳಲು ಯಾವ ಯಂತ್ರವೂ ಬೇಕಾಗಿರಲಿಲ್ಲ.

ತಂದೆಯವರ ಎಲ್ಲ ದಾಖಲೆಗಳ ಪ್ರತಿಯನ್ನು ಈ ಪತ್ರದ ಮೂಲಕ ಕೋರುತ್ತಿದ್ದೇನೆ. 2002ರ ವೈದ್ಯಕೀಯ ನಡವಳಿಕೆ ನಿಯಮಗಳ ಪ್ರಕಾರ ಅವುಗಳನ್ನು 72 ಗಂಟೆಗಳೊಳಗೆ ಕೊಡಬೇಕು. ಕೊಡದಿದ್ದರೆ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ಮೊದಲ ದೂರು, ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡನೆಯದು ಹೋಗುತ್ತದೆ. ಹಣ ಪಡೆದು ಕೊಡುವ ಚಿಕಿತ್ಸೆಯೂ ಗ್ರಾಹಕ ಕಾಯ್ದೆಗೆ ಒಳಪಡುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ನಿಮ್ಮ ವಕೀಲರು ವಿವರಿಸುತ್ತಾರೆ.

1,600 ರೂಪಾಯಿ ಮರಳಿಸುತ್ತೇವೆ, ರಸೀದಿ ತಂದುಕೊಡಿ ಎಂದು ಮಾತ್ರ ಫೋನ್ ಮಾಡಬೇಡಿರಿ. ಅದರ ಅಸಲು ಪ್ರತಿ ಆಯೋಗದ ಮುಂದೆ ಬೇಕಾಗುತ್ತದೆ.

ಇತಿ,
ರೋಗಿಯ ಮಗ,
ಇಳಕಲ್