4187 ಸಿಕ್ಕ ರಾತ್ರಿ

ನಮ್ಮ ದಾವಣಗೆರೆ ಮಂಡಿಯ ಲೆಕ್ಕ ಹೊಸ ಡಿಸ್ಕಿಗೆ ಬಂದು ಇವತ್ತಿಗೆ ಒಂದು ತಿಂಗಳು. ಲೆಕ್ಕವಿದ್ದ ಕಂಪ್ಯೂಟರಿನ ಹಳೇ ಡಿಸ್ಕ್ ಕೆಟ್ಟು ಎಲ್ಲ ನಿಂತುಹೋಗಿತ್ತು, ನಿಮಗೆಲ್ಲ ಗೊತ್ತಿರೋದೇ. ಎರಡು ದಿನ ಕೈಚೀಟಿಯಲ್ಲೇ ಮೆಕ್ಕೆಜೋಳ ತೂಗಿಸಿದ ಗುಮಾಸ್ತರಿಗೆ, ಹಮಾಲರಿಗೆ, ಬೈಯದೆ ಕಾದ ರೈತರಿಗೆ, ನಡುರಾತ್ರಿ ಮಂಡಕ್ಕಿ ಮಿರ್ಚಿ ತಂದ ಹುಡುಗರಿಗೆ ಶರಣು.

ಉಳಿದದ್ದೆಲ್ಲ ಅಕ್ಕನಿಗೆ.

ಮೊದಲು ಇಲ್ಲೇ ಈ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವರು ಅವರು; ನಮ್ಮಲ್ಲಿ ಕೆಲಸ ಬಿಟ್ಟು ಚಿತ್ರದುರ್ಗ ಸೇರಿ ವರ್ಷವಾಗಿತ್ತು. ಫೋನ್ ಮಾಡಿದ ರಾತ್ರಿಯೇ ಬಸ್ ಹತ್ತಿದರು. ಅವರು ಬರುವಷ್ಟರಲ್ಲಿ ನಾನು ಒಂದು ತಪ್ಪು ಒಪ್ಪಿಕೊಳ್ಳಬೇಕಿತ್ತು. ನಮ್ಮ ಲೆಕ್ಕ ಇರೋದು ಒರಾಕಲ್ ಅನ್ನೋ ಡೇಟಾಬೇಸ್‌ನಲ್ಲಿ; ಆಗುವ ಪ್ರತಿ ಬದಲಾವಣೆಯನ್ನೂ ಅದು ನಂಬರ್ ಹಾಕಿದ ಲಾಗ್ ಫೈಲ್‌ಗಳಲ್ಲಿ ಬರೆದು, ತುಂಬಿದ್ದನ್ನು ಆರ್ಕೈವ್ ಜಾಗದಲ್ಲಿ ಎತ್ತಿಡುತ್ತೆ. ಆ ಸೋಮವಾರ ಆ ಜಾಗ ತುಂಬಿ ಒರಾಕಲ್ ನಿಂತಿತ್ತು. ಓಆರ್‌ಎ-00257 ಅನ್ನೋ ಎರರ್ ನೋಡಿದ ಗಾಬರಿಗೆ, ಬ್ಯಾಕಪ್ ಆಗಿದೆಯೋ ಇಲ್ಲವೋ ನೋಡದೆ ಕೆಲವು ಲಾಗ್ ಫೈಲ್ ಅಳಿಸಿಬಿಟ್ಟಿದ್ದೆ. ಫೈಲ್ ಕಾಣ್ತಿಲ್ಲ ಅಂತ ಒರಾಕಲ್‌ನ ಬ್ಯಾಕಪ್ ಸಾಧನ ಆರ್‌ಮ್ಯಾನ್ ದೂರಿದಾಗ, ಇಲ್ಲದ ಫೈಲನ್ನು ಇಲ್ಲ ಅಂತ ಗುರುತು ಹಾಕುವ ಕ್ರಾಸ್‌ಚೆಕ್ ಓಡಿಸಿ ಅದರ ಬಾಯಿಯನ್ನೂ ಮುಚ್ಚಿಸಿದ್ದೆ. ಗುರುವಾರ ಡಿಸ್ಕ್ ಹೋಯಿತು.

ಭಾನುವಾರದ ಬ್ಯಾಕಪ್ ಕೂತಿತು. ಅದರ ಮೇಲೆ ಲಾಗ್‌ಗಳು ಒಂದೊಂದೇ ಏರಿದವು, 4187ನೇ ನಂಬರಿಗೆ ಬಂದು ನಿಂತವು; ಅದು ನಾನು ಅಳಿಸಿದ್ದರಲ್ಲೊಂದು. ಮುಂದಿನವು ಇದ್ದರೂ ನಡುವಿನದು ಇಲ್ಲದೆ ಒಂದೂ ಕೆಲಸಕ್ಕೆ ಬಾರದು. ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಅತ್ತೆ. ನಾಲ್ಕು ದಿನದ ತೂಕ, ಎಷ್ಟು ಮನೆಯ ದುಡ್ಡು ಅದು.

"ತಮ್ಮಾ, ಅಳಾದು ಆಮೇಲೆ. ಗೋದಾಮಿನ ಹಳೇ ಮೆಷಿನ್ ಇನ್ನೂ ಐತಾ?"

ಆರ್ಕೈವ್ ಲಾಗ್‌ನ ಎರಡನೇ ಪ್ರತಿ ಆ ಮೆಷಿನ್ನಿಗೂ ಹೋಗುವ ಹಾಗೆ ಅವರೇ ಮಾಡಿಟ್ಟಿದ್ದರು. ಸುಮ್ಮನೆ ಕರೆಂಟ್ ದಂಡ ಅಂತ ಆಗ ಗೊಣಗಿದ್ದವನು ನಾನು. ಧೂಳು ಒರೆಸಿ ನೋಡಿದರೆ 4187 ಅಲ್ಲೇ ಇತ್ತು.

ಬೆಳಗಿನ ಜಾವ ರಿಸೆಟ್‌ಲಾಗ್ಸ್ ಕೊಟ್ಟು, ಅಂದರೆ ಲಾಗ್ ನಂಬರನ್ನು ಮತ್ತೆ ಒಂದರಿಂದ ಶುರು ಮಾಡಿಸಿ, ಡೇಟಾಬೇಸ್ ತೆರೆದೆವು. ಇನ್ನೂ ಆರ್ಕೈವ್ ಆಗದ ಕೊನೆಯ ಲಾಗ್ ಡಿಸ್ಕಿನ ಜೊತೆಗೇ ಹೋಗಿತ್ತು; ಅದರಲ್ಲಿದ್ದ ಹನ್ನೊಂದು ಚೀಟಿಗಳನ್ನು ಮತ್ತೆ ಟೈಪ್ ಮಾಡಿದೆವು. ಚಹಾಕ್ಕೆ ಎದ್ದರೆ ಕೈ ಹಿಡಿದು ಕೂರಿಸಿದರು: ಮೊದಲು ಫುಲ್ ಬ್ಯಾಕಪ್. ಬೆಣ್ಣೆದೋಸೆ ಸಿಕ್ಕಿದ್ದು ಅದು ಮುಗಿದ ಮೇಲೆ.

ಅವರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತೇನೋ. ಬಸ್ ಖರ್ಚು ಕೊಡಹೋದರೆ "ಶಕ್ತಿ ಯೋಜನೆ ಐತಲ್ಲ" ಅಂತ ನಕ್ಕುಬಿಟ್ಟರು.

ಅಕ್ಕಾ, ಹಳೇ ಮೆಷಿನ್ ಇನ್ನೂ ಅಲ್ಲೇ ಐತಿ. ಮೊನ್ನೆ ಅಮಾವಾಸ್ಯೆಗೆ ತಕ್ಕಡಿ ಜೊತೆ ಅದಕ್ಕೂ ಕುಂಕುಮ ಇಟ್ಟೀವಿ.