ನಮ್ಮ ನಾಲ್ಕು ಮಕ್ಕಳಿಗೆ ಒಬ್ಬ ಟೀಚರ್ ಬೇಕು, ಕೈ ಜೋಡಿಸಿ

ಊರಿನವರೇ, ಹಳೆ ವಿದ್ಯಾರ್ಥಿಗಳೇ, ಮಂಗಳೂರು ಬೆಂಗಳೂರು ಗಲ್ಫ್ ಅಂತ ದೂರ ಹೋಗಿ ನೆಲೆಸಿರುವ ನಮ್ಮವರೇ,

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನಮ್ಮ ಕನ್ನಡ ಶಾಲೆಯಲ್ಲಿ ಕಣ್ಣು ಕಾಣದ ನಾಲ್ಕು ಮಕ್ಕಳು ಓದುತ್ತಿದ್ದಾರೆ. ಅವರಿಗಾಗಿ ಈ ವರ್ಷ 1,20,000 ರೂಪಾಯಿ ಕೂಡಿಸಬೇಕಾಗಿದೆ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕಳೆದ ಮಳೆಗಾಲದಲ್ಲಿ ಆರನೇ ಕ್ಲಾಸಿನ ನಮ್ಮ ಹುಡುಗಿ ಹಣೆಯಲ್ಲಿ ರಕ್ತ ಸುರಿಸಿಕೊಂಡು ಶಾಲೆಗೆ ಬಂದಳು. ಕೈಯಲ್ಲಿ ಬಿಳಿ ಕೋಲು ಇತ್ತು, ಜಾಗ್ರತೆಯಿಂದಲೇ ನಡೆದಿದ್ದಳು. ಆದರೆ ಕೋಲಿಗೆ ಸಿಗುವುದು ಗುಂಡಿ, ಕಲ್ಲು, ತೋಡಿನ ಅಂಚು, ಇಷ್ಟೇ. ಮಳೆಗೆ ಬಾಗಿ ದಾರಿಗೆ ಅಡ್ಡ ಬಂದ ಹಲಸಿನ ಕೊಂಬೆ ಅದಕ್ಕೆ ಹೇಗೆ ಗೊತ್ತಾಗಬೇಕು?

ಇದಕ್ಕೆ ಉಪಾಯ ಇದೆ. ದೆಹಲಿ ಐಐಟಿಯವರು ತಯಾರಿಸಿದ ಸ್ಮಾರ್ಟ್‌ಕೇನ್ 2014ರಲ್ಲಿ ಬಂತು. ಬಿಳಿ ಕೋಲಿಗೆ ಸಿಕ್ಕಿಸುವ ಒಂದು ಹಿಡಿ ಅದು. ಬಾವಲಿಯ ಹಾಗೆ ನಮಗೆ ಕೇಳಿಸದ ಶಬ್ದ ಬಿಡುತ್ತದೆ, ಆ ಶಬ್ದ ಎದುರಿನ ವಸ್ತುವಿಗೆ ತಾಗಿ ತಿರುಗಿ ಬರಲು ಎಷ್ಟು ಹೊತ್ತಾಯಿತು ಅಂತ ನೋಡಿ ದೂರ ಲೆಕ್ಕ ಹಾಕುತ್ತದೆ, 3 ಮೀಟರ್ ಒಳಗೆ ಏನಾದರೂ ಇದ್ದರೆ ಹಿಡಿ ನಡುಗುತ್ತದೆ. ಮೊಣಕಾಲಿಗಿಂತ ಮೇಲೆ, ಎದೆಮಟ್ಟದಲ್ಲಿ, ತಲೆಮಟ್ಟದಲ್ಲಿ ಇರುವುದೂ ಅಂಗೈಗೆ ಗೊತ್ತಾಗುತ್ತದೆ.

ಇನ್ನೊಂದು, ಶಬ್ದದಿಂದ ನೋಡುವುದು. ಡಚ್ ಎಂಜಿನಿಯರ್ ಪೀಟರ್ ಮೈಯರ್ ಅವರ 'ದಿ ವಾಯ್ಸ್' ಅನ್ನುವ ಆ್ಯಪ್ ಫೋನಿನ ಕ್ಯಾಮೆರಾ ಕಂಡದ್ದನ್ನು ಶಬ್ದ ಮಾಡಿ ಕೇಳಿಸುತ್ತದೆ. ಎಡದಿಂದ ಬಲಕ್ಕೆ, ಸೆಕೆಂಡಿಗೊಂದು ಚಿತ್ರ. ಮೇಲೆ ಇರುವುದಕ್ಕೆ ಏರು ಸ್ವರ, ಕೆಳಗಿನದಕ್ಕೆ ಇಳಿ ಸ್ವರ, ಬೆಳಕು ಜಾಸ್ತಿ ಇದ್ದಲ್ಲಿ ಶಬ್ದವೂ ಜೋರು. ಆ್ಯಪಿಗೆ ದುಡ್ಡಿಲ್ಲ. ನನ್ನ ಹಳೆ ಫೋನಿಗೆ ಹಾಕಿ ಎಂಟನೇ ಕ್ಲಾಸಿನ ಹುಡುಗನಿಗೆ ಕೊಟ್ಟೆ. ಚೆಂಡೆಯ ಪೆಟ್ಟು ಕೇಳಿಯೇ ರಂಗಕ್ಕೆ ಯಾವ ವೇಷ ಬರುತ್ತದೆ ಅಂತ ಹೇಳುವ ಹುಡುಗ ಅವನು. ಮೊದಲ ವಾರ ತಲೆನೋವು ಅಂತ ಇಯರ್‌ಫೋನ್ ಕಿತ್ತು ಹಾಕಿದ. ನಾನೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅವನ ಜೊತೆ ಕೂತೆ. ಮೂರು ತಿಂಗಳ ಮೇಲೆ ಒಂದು ದಿನ, ಆಫೀಸಿನ ಪಕ್ಕದ ಸುಣ್ಣ ಬಳಿದ ಮೆಟ್ಟಿಲಿನ ಕಡೆಗೆ ಫೋನು ಹಿಡಿದು ನಿಂತವನು, "ಸ್ವರ ಒಂದೊಂದೇ ಮೇಲೆ ಹತ್ತುತ್ತಾ ಉಂಟು ಟೀಚರ್, ಇದು ಮೆಟ್ಟಿಲಾ?" ಅಂದ. ನನಗೆ ಮಾತೇ ಹೊರಡಲಿಲ್ಲ.

ಇದು ಕಣ್ಣು ಬಂದ ಹಾಗೆ ಅಂತ ನಾನು ಹೇಳುವುದಿಲ್ಲ. ಆದರೆ ಮಿದುಳು ಕಲಿಯುತ್ತದೆ. 1969ರಲ್ಲೇ ಅಮೆರಿಕದ ವಿಜ್ಞಾನಿ ಪಾಲ್ ಬಾಖ್-ಇ-ರೀಟಾ ಹಲ್ಲಿನ ಡಾಕ್ಟರ ಕುರ್ಚಿಯ ಬೆನ್ನಿಗೆ ನಡುಗುವ 400 ಮೊನೆ ಕೂಡಿಸಿ, ಕ್ಯಾಮೆರಾದ ಚಿತ್ರವನ್ನು ಬೆನ್ನಿನ ಮೇಲೆ ಮೂಡಿಸಿದ್ದರು. ಸುಮ್ನೆ ಕೂತವರಿಗೆ ಬೆನ್ನಲ್ಲಿ ಏನೋ ಕಚಗುಳಿ ಆಯಿತು, ಅಷ್ಟೇ. ಕ್ಯಾಮೆರಾವನ್ನು ತಾವೇ ಹಿಡಿದು ಅತ್ತಿತ್ತ ತಿರುಗಿಸಿ ಅಭ್ಯಾಸ ಮಾಡಿದವರಿಗೆ ಎದುರಿಗಿರುವ ವಸ್ತುವಿನ ಗುರುತು ಸಿಕ್ಕಿತು. ಕಣ್ಣು ಕಾಣದವರು ಬೆರಳಿನಿಂದ ಬ್ರೈಲ್ ಓದುವಾಗ ಮಿದುಳಿನಲ್ಲಿ ನೋಟಕ್ಕೆ ಮೀಸಲಾದ ಭಾಗವೇ ಕೆಲಸ ಮಾಡುತ್ತದೆ ಅಂತ 1996ರಲ್ಲಿ ತಿಳಿಯಿತು.

ಅಭ್ಯಾಸ ಮಾಡಿಸುವವರು ಇಲ್ಲದಿದ್ದರೆ ಸಾಧನ ತಂದು ಏನು ಪ್ರಯೋಜನ, ಅಲ್ವಾ? ಕೆಲವು ವರ್ಷದ ಹಿಂದೆ ಒಬ್ಬರು ಪ್ರೀತಿಯಿಂದ ಬ್ರೈಲ್ ಯಂತ್ರ ಕೊಟ್ಟಿದ್ದರು. ಅದರಲ್ಲಿ ಓದಲು ಕಲಿಸುವವರು ಯಾರೂ ಸಿಗಲಿಲ್ಲ. ಕಪಾಟಿನಲ್ಲೇ ಬ್ಯಾಟರಿ ಊದಿ ಹಾಳಾಯಿತು. ಇವತ್ತಿಗೂ ಆ ಕಪಾಟು ತೆರೆಯುವಾಗ ಬೇಜಾರಾಗುತ್ತದೆ.

ಈ ಭಾಗದಲ್ಲಿ ಸಿಗುವ ತರಬೇತುದಾರರು ಹೆಚ್ಚಾಗಿ ಮಲಯಾಳದವರು. ಒಳ್ಳೆಯವರೇ. ಬ್ರೈಲಿಗೆ ಅಷ್ಟು ತೊಂದರೆಯೂ ಇಲ್ಲ, ಯಾಕೆಂದರೆ ಭಾರತದ ಭಾಷೆಗಳಿಗಾಗಿ ಇರುವ ಭಾರತಿ ಬ್ರೈಲಿನಲ್ಲಿ ಕನ್ನಡದ 'ಕ' ಮತ್ತು ಮಲಯಾಳದ 'ಕ' ಎರಡಕ್ಕೂ ಆರು ಉಬ್ಬು ಚುಕ್ಕಿಗಳಲ್ಲಿ 1 ಮತ್ತು 3ನೇ ಚುಕ್ಕಿಯೇ. ಆದರೆ ನಡಿಗೆ ಕಲಿಸುವಾಗ "ನಿಲ್ಲು, ಎಡಕ್ಕೆ, ಸಂಕ ಬಂತು" ಅನ್ನುವ ಮಾತು ತಕ್ಷಣ ಅರ್ಥ ಆಗಬೇಕು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಮಾತಾಡುವ ಮಕ್ಕಳಿವು.

ಕನ್ನಡ, ತುಳು ಎರಡೂ ಬರುವ ಒಬ್ಬರು ಮಂಗಳೂರಿನಿಂದ ವಾರಕ್ಕೆ ಎರಡು ದಿನ ಬರಲು ಒಪ್ಪಿದ್ದಾರೆ. ಹತ್ತು ತಿಂಗಳಲ್ಲಿ 80 ದಿನದ ಪಾಠ. ಅವರ ಸಂಬಳ, ಬಸ್ಸಿನ ಖರ್ಚು ಸೇರಿ 80,000. ಉಳಿದ 40,000ದಲ್ಲಿ ನಾಲ್ಕು ಸ್ಮಾರ್ಟ್‌ಕೇನ್, ಎರಡು ಫೋನು, ಮತ್ತೆ ಕಿವಿ ಮುಚ್ಚದೆ ಮೂಳೆಯ ಮೂಲಕ ಕೇಳಿಸುವ ಇಯರ್‌ಫೋನ್ ತರುತ್ತೇವೆ. ಈ ಇಯರ್‌ಫೋನ್ ಮುಖ್ಯ. ರಸ್ತೆಯಲ್ಲಿ ಬಸ್ಸಿನ ಸದ್ದು ಮಕ್ಕಳಿಗೆ ಕೇಳಲೇಬೇಕು.

ನೀವು 1,000 ರೂಪಾಯಿ ಕೊಟ್ಟರೆ ಒಂದು ದಿನದ ಪಾಠ ನಡೆಯುತ್ತದೆ. 100 ಕೊಟ್ಟರೂ ರಸೀದಿ ಕೊಡುತ್ತೇವೆ, ಖರ್ಚಿನ ಲೆಕ್ಕವನ್ನು ತಿಂಗಳು ತಿಂಗಳು ಶಾಲೆಯ ಬೋರ್ಡಿನಲ್ಲಿ ಹಾಕುತ್ತೇವೆ. ಶಾಲೆಯ ಆಫೀಸಿಗೆ ಬಂದು ಕೊಡಬಹುದು. ದೂರದಲ್ಲಿರುವವರು ಊರಿನ ಮನೆಯವರ ಕೈಯಲ್ಲಿ ಕಳಿಸಿದರೂ ಸಾಕು. ಬಂದಾಗ ಹತ್ತು ನಿಮಿಷ ನಿಲ್ಲಿ, ಮೆಟ್ಟಿಲಿನ ಸ್ವರ ಹೇಗಿರುತ್ತದೆ ಅಂತ ನಮ್ಮ ಹುಡುಗನೇ ನಿಮಗೆ ಕೇಳಿಸುತ್ತಾನೆ.