ಕುತ್ತಿಗಿ ಗಡ್ಡಿಗೆ ಮನೆತನದ ಹೆಸರು ಕೆಡಸಬ್ಯಾಡ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ಮೊನ್ನೆ ನಿಮ್ಮ ಪೇಪರಿನ ಆರೋಗ್ಯ ಪುಟದಾಗ ಲಿಂಫೋಮಾ (ಬಿಳಿ ರಕ್ತಕಣದಾಗ ಹುಟ್ಟಿ ಕುತ್ತಿಗಿ, ಬಗಲಾಗ ಗಡ್ಡಿ ಕಟ್ಟೋ) ಕ್ಯಾನ್ಸರ್ ವಂಶದಿಂದನ ಬರ್ತೈತಿ ಅನ್ನೋ ಹಂಗ ದೊಡ್ಡ ಅಕ್ಷರದಾಗ ಹೆಡ್ಡಿಂಗ್ ಹಾಕೀರಲ್ಲ, ಅದರ ಬಗ್ಗೆ ಬರ್ಯಾಕತ್ತೀನಿ. ಒಳಗಿನ ಸುದ್ದಿ ಅಷ್ಟೇನ್ ತಪ್ಪಿಲ್ಲ. ಆದ್ರ ನಮ್ಮ ಗಂಗಾವತಿ ಕಡೆ ಒಳಗಿಂದ ಓದೋರು ಎಷ್ಟ್ ಮಂದಿ ಹೇಳ್ರಿ, ಹೆಡ್ಡಿಂಗ್ ಫೋಟೋ ಹೊಡದು ವಾಟ್ಸಾಪ್‌ಗೆ ಬಿಟ್ರ ಮುಗೀತು, ಸಂಜಿ ಅನ್ನೋದ್ರಾಗ ಅದು ಬೀಗರ ಮನಿ ಮುಟ್ಟಿರ್ತೈತಿ. ನಮ್ಮ ಓಣ್ಯಾಗ ಒಬ್ರು ಹಿರೇರಿಗೆ ಈ ರೋಗಕ್ಕ ಕಿಮೋ ನಡದೈತಿ, ಅವರ ಮಗಳ ಮಾತುಕತಿ ಪಕ್ಕಾ ಆಗೋ ಹೊತ್ತಿನಾಗ ಗಂಡಿನ ಕಡೆಯೋರು ಪೇಪರ್ ತೋರ್ಸಿ "ಇದು ನಿಮ್ಮ ರಕ್ತದಾಗ ಐತೇನ್ರಿ" ಅಂತ ಕೇಳ್ಯಾರ. ಆ ಹುಡುಗಿ ಏನಂತ ಉತ್ತರ ಕೊಡಬೇಕ್ರಿ?

ನಾನು ಡಾಕ್ಟರ್ ಅಲ್ಲ, ಲ್ಯಾಬ್‌ನ್ಯಾಗ ಸ್ಲೈಡ್ ರೆಡಿ ಮಾಡೋ ಟೆಕ್ನಿಷಿಯನ್. ಆದ್ರೂ ಇದರ ಬಗ್ಗೆ ಸ್ವಲ್ಪ ಓದೀನಿ. ವಂಶದ ಪಾತ್ರ ಇಲ್ಲವೇ ಇಲ್ಲ ಅಂತ ನಾ ಅನ್ನಾಂಗಿಲ್ಲ. 2006ರಾಗ ಇಂಟರ್‌ಲಿಂಫ್ ಅನ್ನೋ ಅಂತಾರಾಷ್ಟ್ರೀಯ ತಂಡದೋರು ಎಂಟು ಅಧ್ಯಯನದ ಡೇಟಾ ಒಂದ್ಕಡೆ ಕೂಡ್ಸಿ, ಸುಮಾರು ಮೂರೂವರೆ ಸಾವಿರ ಪೇಷಂಟು, ನಾಕ್ ಸಾವಿರ ರೋಗ ಇಲ್ದೋರು, ಇಬ್ಬರದೂ ಜೀನ್ ಹೋಲಿಸಿ ನೋಡಿದ್ರು. ಉರಿಯೂತ ಏರಿಸೋ ಟಿಎನ್‌ಎಫ್ ಅನ್ನೋ ಜೀನ್‌ನ್ಯಾಗ ಕೆಲವರಿಗೆ ಡಿಎನ್‌ಎದ ಒಂದ ಒಂದು ಅಕ್ಷರ ಬ್ಯಾರೆ, ಜಿ ಇರೋ ಜಾಗದಾಗ ಎ. ಅದು ಅಪ್ಪಂದೋ ಅವ್ವಂದೋ ಒಂದ್ ಕಾಪಿ ಬಂದಿದ್ರ ಡಿಫ್ಯೂಸ್ ಲಾರ್ಜ್ ಬಿ ಸೆಲ್ ಅನ್ನೋ ಬಗಿ ಲಿಂಫೋಮಾದ ರಿಸ್ಕ್ ಶೇ 30ರ ಹತ್ತತ್ರ ಹೆಚ್ಚು, ಇಬ್ಬರಿಂದನೂ ಬಂದಿದ್ರ ಶೇ 65ರಷ್ಟು ಹೆಚ್ಚು ಅಂತ ಸಿಕ್ತು. ತನ್ನ ಸೆಲ್ಲು ಯಾವುದು, ಹೊರಗಿಂದು ಯಾವುದು ಅಂತ ಮೈಗೆ ಗುರುತು ತೋರ್ಸೋ, ಆರನೇ ಕ್ರೋಮೋಸೋಮ್‌ನ್ಯಾಗಿರೋ ಎಚ್‌ಎಲ್‌ಎ ಜೀನುಗಳಿಗೂ ಕೆಲವು ಲಿಂಫೋಮಾಕ್ಕೂ ನಂಟೈತಿ ಅಂತ ಆಮ್ಯಾಲ ಗೊತ್ತಾಗೈತಿ.

ಶೇ 65 ಅಂದಕೂಡ್ಲೆ ಎದಿ ಧಸಕ್ ಅಂತೈತಿ, ಖರೆ. ಆದ್ರ ನಿಮ್ಮ ಸುದ್ದ್ಯಾಗ ಆ 65 ಎಷ್ಟರ ಮ್ಯಾಲ ಅಂತ ನೀವು ಬರೀಲೇ ಇಲ್ಲ ನೋಡ್ರಿ, ನನಗ ಸಿಟ್ಟು ಬಂದಿದ್ದು ಅಲ್ಲೇ. ಲೆಕ್ಕಕ್ಕಂತ ಇಟ್ಕೊಳ್ರಿ, ಸಾವಿರ ಮಂದ್ಯಾಗ ಐದು ಮಂದಿಗೆ ಆಯುಷ್ಯದಾಗ ಈ ರೋಗ ಬರ್ತೈತಿ ಅಂತ. ಎರಡೂ ಕಾಪಿ ಇರೋ ಸಾವಿರ ಮಂದ್ಯಾಗ ಅದು ಎಂಟಾಗ್ತೈತಿ, ಉಳಿದ 992 ಮಂದಿಗೆ ಏನೂ ಆಗಂಗಿಲ್ಲ. ಮತ್ತ ಆ ಅಧ್ಯಯನದಾಗ ಇದ್ದೋರು ಹೆಚ್ಚಾಗಿ ಅಮೆರಿಕ, ಯುರೋಪ್, ಆಸ್ಟ್ರೇಲಿಯಾದ ಬಿಳಿ ಮಂದಿ, ನಮ್ಮ ಕಾರಟಗಿ ಕನಕಗಿರಿ ಮಂದಿ ಅಲ್ಲ.

ಇನ್ನೊಂದು ಹೇಳ್ತೀನಿ ಕೇಳ್ರಿ, ಇದು ನನಗ ಭಾಳ ಹಿಡಿಸಿದ್ದು. ಲಿಂಫೋಮಾದಾಗ ಹಾಡ್ಜ್‌ಕಿನ್ ಅಂತ ಒಂದು ಬಗಿ, ಉಳಿದವಕ್ಕೆಲ್ಲಾ ನಾನ್ ಹಾಡ್ಜ್‌ಕಿನ್ ಅಂತಾರ. ಈ ಹಾಡ್ಜ್‌ಕಿನ್ ಲಿಂಫೋಮಾದಾಗ ವಂಶದ ಪ್ರಭಾವ ಉಳಿದ ಬಗಿಗಿಂತ ಜೋರು ಅಂತಾರ, ಒಡಹುಟ್ಟಿದೋರಿಗೆ ಬಂದಿದ್ರ ರಿಸ್ಕ್ ಹಲವು ಪಟ್ಟು ಜಾಸ್ತಿ. 1995ರಾಗ ಅಮೆರಿಕದೋರು ಅವಳಿಗಳನ್ನ ಇಟ್ಕೊಂಡು ನೋಡಿದ್ರು, ಜೋಡ್ಯಾಗ ಒಬ್ರಿಗೆ ಈ ರೋಗ ಬಂದೈತಿ, ಇನ್ನೊಬ್ರ ಗತಿ ಏನು ಅಂತ. ಥೇಟ್ ಒಂದ ನಮೂನಿ ಇರೋ ತದ್ರೂಪಿ ಅವಳಿ 179 ಜೋಡ್ಯಾಗ 10 ಜೋಡ್ಯಾಗ ಇಬ್ಬರಿಗೂ ಬಂತು, ತದ್ರೂಪಿ ಅಲ್ಲದ 187 ಜೋಡ್ಯಾಗ ಒಂದರಾಗೂ ಇಬ್ಬರಿಗೆ ಬರಲಿಲ್ಲ. ವಂಶದ ಕೈ ಐತಿ ಅನ್ನೋಕ ಇದಕ್ಕಿಂತ ಪುರಾವೆ ಬೇಕೇನ್ರಿ. ಆದ್ರ ಅದ ಲೆಕ್ಕ ತಿರುವಿ ನೋಡ್ರಿ, ಜೀನೆಲ್ಲಾ ಒಂದ ಇದ್ರೂ 169 ಜೋಡ್ಯಾಗ ಇನ್ನೊಬ್ರು ಆರಾಮಾಗೇ ಇದ್ರು. ಅವಳಿಗಳ ಕತಿನ ಹಿಂಗಾದ್ರ ಅಪ್ಪಗ ಬಂದಿದ್ದು ಮಗಳಿಗೆ ಬಂದೇ ಬರ್ತೈತಿ ಅನ್ನಾಕ ಯಾರಿಗೆ ಬಾಯಿ ಐತಿ?

ರೋಗ ಶುರುವಾಗೋದು ಹೆಂಗಂದ್ರ, ನಮ್ಮ ಬಿ ಸೆಲ್ಲು ಅನ್ನೋ ಬಿಳಿ ರಕ್ತಕಣಗಳು ಹೊಸ ಹೊಸ ಆಂಟಿಬಾಡಿ (ರೋಗಾಣು ಹಿಡಿಯೋ ಪ್ರೋಟೀನ್) ಮಾಡಾಕ ತಮ್ಮ ಡಿಎನ್‌ಎನ ತಾವ ಕತ್ತರಿಸಿ ಜೋಡಿಸಿ ತಿದ್ದಿಕೊಂತಾವ, ಮೈಯಾಗ ಉಳಿದ ಯಾವ ಸೆಲ್ಲೂ ಇಷ್ಟು ಧೈರ್ಯ ಮಾಡಂಗಿಲ್ಲ. ಆ ಕೆಲಸದಾಗ ಎಲ್ಲೋ ಒಂದ್ಕಡೆ ತಪ್ಪು ಜಾಗಕ್ಕ ತಪ್ಪು ತುಂಡು ಕೂತ್ರ ಸಾಯಬೇಕಾದ ಸೆಲ್ಲು ಸಾಯಂಗಿಲ್ಲ, ಬೆಳಕೋಂತ ಹೊಕ್ಕೈತಿ. ಉರಿಯೂತ ಯಾವಾಗ್ಲೂ ಜಾಸ್ತಿ ಇರೋ ಮೈಯಾಗ, ಅಂದ್ರ ಎಚ್‌ಐವಿ, ಹೆಪಟೈಟಿಸ್ ಸಿ, ಹೊಟ್ಟ್ಯಾಗಿನ ಎಚ್ ಪೈಲೋರಿ ಬ್ಯಾಕ್ಟೀರಿಯಾ, ಕೀಲುವಾತ ಇಂಥವು ಇದ್ದೋರಿಗೆ ಈ ತಪ್ಪಾಗೋ ಅವಕಾಶ ಹೆಚ್ಚು. ಟಿಎನ್‌ಎಫ್ ಅಕ್ಷರದ ಫರಕೂ ಬರೇ ಇಷ್ಟ ಮಾಡಬಹುದು, ಉರಿಯೂತ ಸ್ವಲ್ಪ ಏರಿಸೋದು.

ಈ ತುಂಡು ಅದಲುಬದಲಾಗೋದು ಹುಟ್ಟಿದ ಮ್ಯಾಲ ಆ ಒಂದು ಸೆಲ್ಲಿನಾಗ ಆಗಿದ್ದು, ಮಕ್ಕಳಿಗೆ ಹೋಗೋದಲ್ಲ. ಆದ್ರ ರಿಪೋರ್ಟ್‌ನ್ಯಾಗ "ಬಿಸಿಎಲ್2 ಜೀನ್" (ಸೆಲ್ಲು ಸಾಯದಂಗ ತಡೆಯೋ ಜೀನ್) ಅಂತ ಬರದಿರ್ತೈತಿ, ಜೀನ್ ಅಂದಕೂಡ್ಲೆ ಮಂದಿ ವಂಶದ್ದು ಅಂತ ತಿಳ್ಕೊಂತಾರ, "ಸಿಡಿ20 ಪಾಸಿಟಿವ್" ಅಂತ ಇರ್ತೈತಿ. ಒಬ್ಬ ಮನುಷ್ಯ ಆ ಹಾಳಿ ಹಿಡಕೊಂಡು ನಮ್ಮ ಕೌಂಟರಿಗೆ ಬಂದು, ಪಾಸಿಟಿವ್ ಅನ್ನೋದರ ಕೆಳಗ ಪೆನ್ನಿಲೆ ಎರಡು ಗೀಟು ಎಳದಿದ್ದ, "ಮನ್ಯಾಗಿನ ಮಕ್ಕಳನ್ನೂ ಚೆಕ್ ಮಾಡಿಸಬೇಕೇನ್ರಿ" ಅಂತ ದನಿ ಇಳಿಸಿ ಕೇಳಿದ, ಅವನ ತಲ್ಯಾಗ ಅದು ಎಚ್‌ಐವಿ ಪಾಸಿಟಿವ್ ಇದ್ದಂಗ. ಸಿಡಿ20 ಅಂದ್ರ ಬಿ ಸೆಲ್ಲಿನ ಮೈಮ್ಯಾಲಿನ ಗುರುತು ಅಷ್ಟ, ಅದು ಪಾಸಿಟಿವ್ ಇದ್ರ ರಿಟುಕ್ಸಿಮ್ಯಾಬ್ ಅನ್ನೋ ಇಂಜೆಕ್ಷನ್ ಹತ್ತತೈತಿ, ಅಂದ್ರ ಒಳ್ಳೇ ಸುದ್ದಿನ. ನಮ್ಮ ದೇಶದ ಕಂಪನಿನೂ ಅದನ್ನ 2007ರಿಂದ ಮಾಡಾಕತ್ತೈತಿ.

ಸೋದರಮಾವಗ ಕೊಡೋದು, ಅತ್ತಿ ಮಗನ್ನ ಮಾಡ್ಕೊಳ್ಳೋದು ನಮ್ಮ ಕಡೆ ಇನ್ನೂ ನಡದೈತಿ, ಹಂಗಾಗಿ ಅದನ್ನೂ ಹೇಳಬೇಕು. ಹುಟ್ಟಿನಿಂದನ ರೋಗ ನಿರೋಧಕ ಶಕ್ತಿ ಕೆಟ್ಟಿರೋ ಕೆಲವು ಅಪರೂಪದ ಕಾಯಿಲಿ ಅದಾವ, ಅಟಾಕ್ಸಿಯಾ ಟೆಲಾಂಜಿಯೆಕ್ಟೇಸಿಯಾ ಅಂತ ಒಂದು, ಮಗು ನಡೆಯೋವಾಗ ತೂರಾಡ್ತೈತಿ, ಕಣ್ಣಿನ ಬಿಳಿ ಭಾಗದಾಗ ಕೆಂಪು ನರ ಕಾಣ್ತಾವ, ಅಂಥ ಮಕ್ಕಳಿಗೆ ಲಿಂಫೋಮಾ ರಿಸ್ಕ್ ಖರೇನ ಭಾಳ. ಅದು ಅಪ್ಪ ಅವ್ವ ಇಬ್ಬರ ಕಡೆಯಿಂದನೂ ಕೆಟ್ಟ ಕಾಪಿ ಬಂದ್ರ ಬರೋದು, ಕಳ್ಳುಬಳ್ಳಿಯೊಳಗ ಮದುವಿ ಆದ್ರ ಹಂಗ ಕೂಡೋ ಚಾನ್ಸ್ ಜಾಸ್ತಿ. ಅಂಥ ಮನ್ಯಾಗ ಜೆನೆಟಿಕ್ ಕೌನ್ಸೆಲಿಂಗ್ ಮಾಡಿಸ್ಬೇಕು ಅಂದ್ರ ನಾನೂ ಒಪ್ತೀನಿ. ಅರವತ್ತು ದಾಟಿದ ಅಜ್ಜಗ ಬಂದ ಗಡ್ಡಿಗೂ ಇದಕ್ಕೂ ಗಂಟು ಹಾಕಿದ್ರ ಮಾತ್ರ ಒಪ್ಪಂಗಿಲ್ಲ.

ಜೀನ್ ಬಗ್ಗೆ ಅರ್ಧ ಪುಟ ಬರದ್ರಿ, ನಮ್ಮ ಭತ್ತದ ಗದ್ದ್ಯಾಗ ಮಾಸ್ಕ್ ಇಲ್ದ ಕೈಗೆ ಗ್ಲೌಸ್ ಇಲ್ದ ಎಣ್ಣಿ ಹೊಡೆಯೋದರ ಬಗ್ಗೆ ಒಂದ್ ಸಾಲೂ ಇಲ್ಲ. ಲಿಂಡೇನ್ ಅನ್ನೋ ಕೀಟನಾಶಕ ನಾನ್ ಹಾಡ್ಜ್‌ಕಿನ್ ಲಿಂಫೋಮಾ ತರ್ತೈತಿ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಾಗ ಖಡಾಖಂಡಿತ ಹೇಳೈತಿ, ಮ್ಯಾಲಾಥಿಯಾನ್ ಕೀಟನಾಶಕ, ಗ್ಲೈಫೋಸೇಟ್ ಕಳೆನಾಶಕ ಇವನ್ನ ಕ್ಯಾನ್ಸರ್ ತರೋ ಸಾಧ್ಯತೆ ಇರೋ ಪಟ್ಟಿಗೆ ಹಾಕೈತಿ. ಜೀನ್ ಬದಲಿ ಮಾಡಾಕ ಬರಂಗಿಲ್ಲ, ಮಾಸ್ಕ್ ಹಾಕ್ಕೊಳ್ಳಾಕ ಬರ್ತೈತಲ್ರಿ.

ಇಲ್ಲಿ ಮಂದಿ ಹಾಳಾಗೋದು ಜೀನ್‌ನಿಂದಲ್ಲ, ತಡದಿಂದ. ಕುತ್ತಿಗ್ಯಾಗ ಗಂಟು ಬಂದ್ರ ಗಂಡಮಾಲೆ ಅಂತ ತಿಳ್ಕೊಂಡು ಮೊದಲು ನಾಟಿ ಔಷಧ, ಆಮ್ಯಾಲ ಟಿಬಿ ಗುಳಿಗಿ. ಸಂಜಿ ಜ್ವರ, ರಾತ್ರಿ ಬೆವರು, ತೂಕ ಇಳಿಯೋದು ಎರಡರಾಗೂ ಒಂದ, ಟಿಬಿನೂ ನಮ್ಮಲ್ಲಿ ಭಾಳ, ಹಂಗಾಗಿ ಡಾಕ್ಟ್ರನ್ನ ಪೂರಾ ಬೈಯಾಕೂ ಬರಂಗಿಲ್ಲ. ಆದ್ರ ನೋವಿಲ್ಲದ, ಒತ್ತಿದ್ರ ರಬ್ಬರ್‌ನಂಗ ಇರೋ ಗಂಟು, ಕುತ್ತಿಗಿ, ಬಗಲು, ತೊಡಿ ಸಂದ್ಯಾಗ ಒಂದೂವರೆ ತಿಂಗಳಾದ್ರೂ ಕರಗಲಿಲ್ಲ ಅಂದ್ರ ಸೂಜಿ ಟೆಸ್ಟಿಗೆ ನಿಲ್ಲಬಾರದು, ಗಂಟು ಪೂರಾ ತಗದು ಬಯಾಪ್ಸಿ ಮಾಡಿಸ್ರಿ. ಸೂಜಿಲೆ ಸಿಗೋ ನಾಕ್ ಸೆಲ್ಲಿನಾಗ ಲಿಂಫೋಮಾದ ಬಗಿ ಸರಿಯಾಗಿ ಗೊತ್ತಾಗಂಗಿಲ್ಲ, ಇದು ದಿನಾ ಸ್ಲೈಡ್ ನೋಡೋರ ಮಾತು. ಮನ್ಯಾಗ ಯಾರಿಗಾದ್ರೂ ಮೊದಲ ಬಂದಿದ್ರ ಡಾಕ್ಟ್ರಿಗೆ ಮುಚ್ಚಿಡದ ಹೇಳ್ರಿ. ಮನೆತನದ ಹಿಸ್ಟರಿ ಬೇಕಾಗಿರೋದು ಅವರಿಗೆ, ಬೀಗರಿಗಲ್ಲ.

ಅದಕ್ಕ ಕೇಳ್ಕೊಳ್ಳೋದು ಏನಂದ್ರ ಸಂಪಾದಕ್ರ, ಬರೋ ವಾರ ಅದ ಪುಟದಾಗ, ಅಷ್ಟ ದೊಡ್ಡ ಅಕ್ಷರದಾಗ, ಇದು ಭಾಳಷ್ಟು ಮಂದಿಗೆ ವಾಸಿ ಆಗೋ ಕ್ಯಾನ್ಸರ್ ಅಂತ ಹಾಕ್ರಿ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರಿಗೆ ಬೆಂಗಳೂರಿಗೇ ಹೋಗಬೇಕಂತಿಲ್ಲ, ಕಲಬುರಗಿಯಾಗೂ ಅದರ ಸೆಂಟರ್ ಐತಿ, ಬಿಪಿಎಲ್ ಕಾರ್ಡ್ ಇದ್ರ ಆಯುಷ್ಮಾನ್ ಆರೋಗ್ಯ ಕರ್ನಾಟಕದಾಗ ವರ್ಷಕ್ಕ ಮನಿಗೆ 5 ಲಕ್ಷದ ತನಕ ಆಗ್ತೈತಿ, ಬೆಂಗಳೂರಿಗೆ ಹೋಗೋದಾದ್ರ ಕೊಪ್ಪಳದಿಂದನ ಹಂಪಿ ಎಕ್ಸ್‌ಪ್ರೆಸ್ ಐತಿ, ಟ್ರೀಟ್‌ಮೆಂಟಿಗೆ ಹೋಗೋ ಕ್ಯಾನ್ಸರ್ ಪೇಷಂಟಿಗೆ ಸ್ಲೀಪರ್ ಟಿಕೆಟ್ ಪೂರಾ ಮಾಫಿ, ಜೊತಿಗೆ ಹೋಗೋರಿಗೆ ಮುಕ್ಕಾಲು ಭಾಗ ಮಾಫಿ. ಆಸ್ಪತ್ರಿಯೋರ ಸಹಿ ಇರೋ ಫಾರ್ಮ್ ಬೇಕು, ಅದರ ನಮೂನಿ ಪ್ರಿಂಟ್ ಮಾಡಿದ್ರ ಇನ್ನೂ ಚಲೋ.

ಒಬ್ಬ ಲ್ಯಾಬ್ ಟೆಕ್ನಿಷಿಯನ್,
ಗಂಗಾವತಿ, ಕೊಪ್ಪಳ ಜಿಲ್ಲೆ